ಬಸ್ಸು ಬಾರದ ತಂಗುದಾಣಕ್ಕೆ ಒಂದು ಗೇಟು

ನವೆಂಬರ್ 3, ಸೋಮವಾರ

ಸೊಸೈಟಿಯವರು ಹೊಸ ವರ್ಷಕ್ಕೆ ಕೊಟ್ಟ ಈ ಡೈರಿ ಇಷ್ಟು ತಿಂಗಳು ನನ್ನ ಮೇಜಿನ ಮೇಲೆ, ಫ್ಯಾನಿನ ಗಾಳಿಗೆ ಕಾಗದ ಹಾರದಂತೆ ಕಾಯುವ ಕೆಲಸದಲ್ಲಿತ್ತು. ಇಂದು ಅದಕ್ಕೆ ಬಡ್ತಿ ಸಿಕ್ಕಿದೆ. ನನಗೊಂದು ಸಂಕಟ ಬಂದಿದೆ. ಅದನ್ನು ಹೇಳಿಕೊಳ್ಳಬಹುದಾದ ಮನುಷ್ಯ ಮಡಂತ್ಯಾರಿನಲ್ಲಿ ಒಬ್ಬನೂ ಇಲ್ಲ. ಹೇಳಿದರೆ ಸಂಜೆಯೊಳಗೆ ಬೆಳ್ತಂಗಡಿ ತಲುಪುತ್ತದೆ.

ಸಂಕಟ ಇದು: ನನ್ನ ಹೆಂಡತಿ ಶಶಿಪ್ರಭಾ ಜಾಗದ ವ್ಯಾಪಾರಕ್ಕೆ ಇಳಿದಿದ್ದಾಳೆ.

ಜಾಗದ ವ್ಯಾಪಾರ ಈ ಮನೆಯಲ್ಲಿ ನನ್ನದು. ಮನೆಯ ಎದುರಿನ ಕೋಣೆಯೇ ನನ್ನ ಆಫೀಸು. 'ಸಂಕಪ್ಪ ಲ್ಯಾಂಡ್ ಲಿಂಕ್ಸ್' ಎಂಬ ಬೋರ್ಡು ಬಸ್ಸಿನಲ್ಲಿ ಹೋಗುವವರಿಗೂ ಕಾಣುತ್ತದೆ. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಯಾವ ಜಾಗಕ್ಕೆ ಯಾವ ಬದಿಯಿಂದ ದಾರಿ, ಯಾವ ಬಾವಿ ಏಪ್ರಿಲಿನಲ್ಲಿ ಕೈ ಕೊಡುತ್ತದೆ, ಯಾವ ಅಣ್ಣ ತಮ್ಮ ಮಾತು ಬಿಟ್ಟಿದ್ದಾರೆ, ಎಲ್ಲವೂ ನನಗೆ ಬಾಯಿಪಾಠ. ಶಶಿ ಮಾರುವ ಜಾಗಕ್ಕೆ ಬಾವಿಯಿಲ್ಲ, ಸರ್ವೆ ನಂಬರಿಲ್ಲ, ಮಣ್ಣೇ ಇಲ್ಲ. ಅದು ಕಂಪ್ಯೂಟರಿನ ಒಳಗಿನ ಒಂದು ಲೋಕದಲ್ಲಿ ಇರುವುದು. ಎಲ್ಲೆಲ್ಲಿಯ ಜನರೋ ಅಲ್ಲಿಗೆ ಗೊಂಬೆಗಳಾಗಿ ಬರುತ್ತಾರೆ, ಜಾಗ ಕೊಳ್ಳುತ್ತಾರೆ, ಕಟ್ಟುತ್ತಾರೆ, ಬಾಡಿಗೆಗೆ ಕೊಡುತ್ತಾರೆ. ಮೂಡುಬಿದಿರೆಯ ಹಾಸ್ಟೆಲಿನಲ್ಲಿದ್ದು ಓದುವ ನಮ್ಮ ಮಗಳು ಸಾತ್ವಿಕಾ ರಜೆಯಲ್ಲಿ ಬಂದಾಗ ಅಮ್ಮನಿಗೆ ಇದನ್ನು ಕಲಿಸಿ, ತನ್ನ ಹಳೆಯ ಲ್ಯಾಪ್‌ಟಾಪನ್ನೂ ಬಿಟ್ಟು ಹೋದಳು. ಅಲ್ಲಿಯ ದುಡ್ಡು ರೂಪಾಯಿಯಾಗಿ ಬದಲಾಗಿ ಶಶಿಯ ಬ್ಯಾಂಕ್ ಖಾತೆಗೆ ಬರುತ್ತದೆ. ರೂಪಾಯಿ ಮಾತ್ರ ನಿಜವಾದದ್ದು. ನಾನು ವಿಚಾರಿಸಿದ್ದೇನೆ.

ನಿನ್ನೆ ಆದಿತ್ಯವಾರ ಶಶಿಯ ತಂಗಿ ತೃಪ್ತಿ, ಅವಳ ಗಂಡ ತರುಣ್ ಬಂಟ್ವಾಳದಿಂದ ಊಟಕ್ಕೆ ಬಂದಿದ್ದರು. ಬಡಿಸುತ್ತಾ ಶಶಿ ವಿಷಯ ಎತ್ತಿದಳು.

"ಅಲ್ಲಿ ಒಂದು ಇಡೀ ದ್ವೀಪ ಮಾರಾಟಕ್ಕೆ ಉಂಟು. ನನಗೊಬ್ಬರು ಪಾರ್ಟ್ನರ್ ಬೇಕು. ಜಾಗ ಅಂದರೆ ಎಂತ ಅಂತ ಗೊತ್ತಿರುವವರು."

ಎಲ್ಲರೂ ನನ್ನ ಮುಖ ನೋಡಿದರು. ನಾನು ನಕ್ಕೆ. ಅನ್ನ ಗಂಟಲಿಗೆ ಸಿಕ್ಕಿ ತರುಣ್ ಬೆನ್ನು ತಟ್ಟುವಷ್ಟು ನಕ್ಕೆ. "ಇಲ್ಲದ ಜಾಗಕ್ಕೆ ಈ ಸಂಕಪ್ಪ ಬ್ರೋಕರ್ ಆಗುವುದಿಲ್ಲ ಮಾರಾಯ್ತಿ!"

ಶಶಿ ಸೌಟನ್ನು ಪಾತ್ರೆಗೆ ಇಳಿಸಿದಳು. ತರುಣ್ ಬೆನ್ನು ತಟ್ಟುವುದನ್ನು ನಿಲ್ಲಿಸಿ, "ನಾನು ಆಗ್ತೇನೆ ಶಶಿಯಕ್ಕ," ಎಂದ.

ಆಮೇಲೆ ಪಾಯಸ ಸಪ್ಪೆ ಅನಿಸಿತು.

ನವೆಂಬರ್ 5, ಬುಧವಾರ

ಶಶಿ ಆ ಲೋಕದಲ್ಲಿ ಕಟ್ಟಿದ್ದು ಏನೆಂದು, ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಅವಳ ಹಿಂದೆ ನಿಂತು ನೋಡಿದೆ. ಅರಮನೆಯೋ ಬಂಗಲೆಯೋ ಎಂದುಕೊಂಡಿದ್ದೆ. ಬಸ್ ತಂಗುದಾಣ! ನಮ್ಮ ಕಡೆ ಪ್ರತಿ ತಿರುವಿನಲ್ಲೂ ಇರುತ್ತದಲ್ಲ, ಮೂರು ಗೋಡೆ, ಸಿಮೆಂಟಿನ ಬೆಂಚು, ನೆತ್ತಿಯ ಮೇಲೆ 'ದಿವಂಗತ ಇಂಥವರ ಸ್ಮರಣಾರ್ಥ' ಎಂದು ಬಣ್ಣದಲ್ಲಿ ಬರೆದದ್ದು, ಅದೇ. ಗೋಡೆಯಲ್ಲಿ ಯಾವುದೋ ಟೂರ್ನಮೆಂಟಿನ ಹರಿದ ಪೋಸ್ಟರು. ಬಸ್ಸು ಮಾತ್ರ ಬರುವುದಿಲ್ಲ.

"ಬಸ್ಸು ಬಾರದ ಬಸ್ ಸ್ಟ್ಯಾಂಡಿಗೆ ಯಾರು ಬರ್ತಾರೆ?" ಎಂದೆ.

"ಗಲ್ಫಿನಲ್ಲಿರುವ ನಮ್ಮವರು. ಕೆಲಸ ಮುಗಿಸಿ ಬಂದು ಕೂತು ಮಾತಾಡ್ತಾರೆ. ಬಸ್ಸು ಬಂದರೆ ಎದ್ದು ಹೋಗಬೇಕಲ್ಲ ಮಾರಾಯ್ರೆ, ಬಾರದ್ದೇ ಒಳ್ಳೆಯದು."

ನೆತ್ತಿಯ ಮೇಲೆ ಹೆಸರು ಬರೆಸಿಕೊಳ್ಳಲು ಜನ ವರ್ಷದ ಬಾಡಿಗೆ ಕೊಡುತ್ತಾರಂತೆ. ಒಬ್ಬ ಮಸ್ಕತ್ತಿನವ ತನ್ನ ಅಜ್ಜನ ಹೆಸರನ್ನು ಹಾಕಿಸಿದ್ದಾನೆ. ಆ ಅಜ್ಜನ ಜಾಗವನ್ನು ಮಾರಿಸಿದ್ದು ನಾನೇ. ಆಗ ನನಗೆ ಸಿಕ್ಕಿದ್ದು ಒಂದು ಚಾ ಮತ್ತು ಎರಡು ಗೋಳಿಬಜೆ.

ನವೆಂಬರ್ 9, ಆದಿತ್ಯವಾರ

ತರುಣ್ ಬಂದಿದ್ದ. ಗಲ್ಫಿನಿಂದ ಮರಳಿ ವರ್ಷ ಎರಡಾದರೂ ಮೈಯ ಸೆಂಟಿನ ವಾಸನೆ ಇನ್ನೂ ವಿಮಾನ ಇಳಿದಿಲ್ಲ. ಶಶಿಯ ಪಕ್ಕದ ಕುರ್ಚಿಯಲ್ಲಿ ಕೂತು ಲ್ಯಾಪ್‌ಟಾಪಿಗೆ ಬೆರಳು ತೋರಿಸುತ್ತಾ "ವಿಷನ್", "ಗ್ರೋತ್" ಎಂದೆಲ್ಲ ಹೇಳಿದ. ಅದು ನಾನು ಊಟ ಮಾಡುವ ಕುರ್ಚಿ. ನಾನು ನಿಂತುಕೊಂಡೇ ಚಾ ಕುಡಿದೆ. ಯಾರೂ ಗಮನಿಸಲಿಲ್ಲ.

ನನಗೇನೂ ಹೊಟ್ಟೆಕಿಚ್ಚಿಲ್ಲ. ಹೊಟ್ಟೆಯಲ್ಲಿ ಉರಿ ಇದ್ದದ್ದು ನಿಜ. ಅದು ಚಾದ ಜೊತೆ ತಿಂದ, ಎಣ್ಣೆಯಲ್ಲಿ ಕರಿದ ಬಾಳೆಕಾಯಿ ಪೋಡಿಯದ್ದು.

ನವೆಂಬರ್ 14, ಶುಕ್ರವಾರ

ಮೂಡುಬಿದಿರೆಗೆ ಹೋಗಿ ಸಾತ್ವಿಕಾಳನ್ನು ನೋಡಿಕೊಂಡು ಬಂದೆ. ಹೊರಡುವಾಗ, ಈಗಷ್ಟೇ ನೆನಪಾದವನಂತೆ, ಹೇಳಿದೆ: "ನನ್ನ ಒಬ್ಬ ಗಿರಾಕಿಗೆ ಆ ಲೋಕದಲ್ಲಿ ಒಂದು ತುಂಡು ಜಾಗ ಬೇಕಂತೆ. ಹೇಗೆ ಒಳಗೆ ಹೋಗುವುದು ಅಂತ ಬರೆದುಕೊಡು."

"ಗಿರಾಕಿಯ ಹೆಸರೆಂತ ಪಪ್ಪ?"

"ತುಕ್ರಪ್ಪ," ಎಂದೆ. ಎದುರಿನ ಅಂಗಡಿಯ ಬೋರ್ಡಿನಲ್ಲಿ ಅದೇ ಇತ್ತು.

ಅವಳು ಎಲ್ಲವನ್ನೂ ಬರೆದುಕೊಟ್ಟಳು. ನಡುನಡುವೆ ಕೆಮ್ಮುತ್ತಿದ್ದಳು. ಹಾಸ್ಟೆಲಿನ ನೀರು ಸರಿಯಿಲ್ಲವೆಂದು ಕಾಣುತ್ತದೆ, ಶಶಿಗೆ ಹೇಳಬೇಕು.

ಉದ್ದೇಶವನ್ನು ಇಲ್ಲಿ ದಾಖಲಿಸುತ್ತೇನೆ. ನಾನು ಪಾರ್ಟ್ನರ್ ಆಗಲು ಹೊರಟಿದ್ದಲ್ಲ. ಜಾಗದ ವ್ಯಾಪಾರ ಎಂದರೆ ಏನೆಂದು ಆ ಇಬ್ಬರಿಗೂ ತೋರಿಸಿ, ಮರ್ಯಾದೆಯಿಂದ ಹೊರಗೆ ಬರುವುದು. ಅಷ್ಟೇ.

ನವೆಂಬರ್ 16, ಆದಿತ್ಯವಾರ

ಆಫೀಸಿನ ಬಾಗಿಲು ಹಾಕಿಕೊಂಡು, ನನ್ನ ಕಂಪ್ಯೂಟರಿನಿಂದ ಆ ಲೋಕದ ಒಳಗೆ ಹೋದೆ. ತುಕ್ರಪ್ಪ ಹುಟ್ಟಿದ. ಮೂವತ್ತರ ಪ್ರಾಯ, ಅಗಲ ಭುಜ, ತಲೆ ತುಂಬ ಕೂದಲು. ಹೊಟ್ಟೆ ಬೆಳೆಸುವ ವ್ಯವಸ್ಥೆಯೂ ಅಲ್ಲಿ ಇದೆಯಂತೆ. ನಾನು ಹುಡುಕಲು ಹೋಗಲಿಲ್ಲ.

ಬಂದವರು ಮೊದಲು ಇಳಿಯುವುದು ಒಂದು ಕಟ್ಟೆಯ ಮೇಲೆ. ಆ ಕಟ್ಟೆಗೂ ಶಶಿಯ ತಂಗುದಾಣಕ್ಕೂ ನಡುವೆ ಒಂದು ಖಾಲಿ ತುಂಡು ಮಾರಾಟಕ್ಕಿತ್ತು. ಅದೂ ಶಶಿಯದೇ. ಅದರ ಮೇಲಿನಿಂದ ಕಾಲುದಾರಿ. ಎರಡು ಬದಿಗೆ ರಸ್ತೆ, ಬಸ್ ಸ್ಟ್ಯಾಂಡಿಗೆ ಕೂಗಳತೆ! ಇಂಥ ಜಾಗ ಮಡಂತ್ಯಾರಿನಲ್ಲಿ ಸಿಕ್ಕಿದರೆ ನಾನು ಯಾರಿಗೂ ಹೇಳದೆ ಇಟ್ಟುಕೊಳ್ಳುತ್ತಿದ್ದೆ. ಪದ್ಧತಿಯಂತೆ ತುಕ್ರಪ್ಪನನ್ನು ಗಡಿ ಸುತ್ತಿಸಿದೆ. ಪ್ರತಿ ಮೂಲೆಯಲ್ಲಿ ನಿಲ್ಲಿಸಿ ಕಲ್ಲು ಇದೆಯೇ ಎಂದು ನೋಡಿದೆ. ಅಷ್ಟರಲ್ಲಿ ಶಶಿಯ ಗೊಂಬೆ ಬಂತು. ಅಲ್ಲಿ ಮಾತು ಎಂದರೆ ಟೈಪು ಮಾಡುವುದು. ನಾನು ಒಂದೇ ಬೆರಳಿನಲ್ಲಿ ಕುಟ್ಟಿದೆ.

"ಎರಡೂ ರಸ್ತೆ ಪಂಚಾಯತಿನದ್ದೋ, ಖಾಸಗಿಯೋ?"

"ಎರಡೂ ಗಟ್ಟಿ ರಸ್ತೆ," ಎಂದಿತು ಗೊಂಬೆ.

"ಬದಿಯ ಖಾಲಿ ಜಾಗದಲ್ಲಿ ಕುಮ್ಕಿ ಉಂಟೋ? ಸೊಪ್ಪು ಕಡಿಯುವ ಹಕ್ಕು?"

ಗೋಡೆಯ ಆಚೆ ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದು. ಬೆಕ್ಕು ಇರಬೇಕು. ನಮ್ಮಲ್ಲಿ ಬೆಕ್ಕಿಲ್ಲ, ಪಕ್ಕದ ಮನೆಯದ್ದು.

"ಇಲ್ಲಿ ಸೊಪ್ಪು ಬೆಳೆಯುವುದಿಲ್ಲ ತುಕ್ರಪ್ಪಣ್ಣ," ಎಂದು ಬಂತು. "ಎರಡು ಬದಿ ರಸ್ತೆ ಇರುವ ಕಾರಣ ರೇಟು ಸ್ವಲ್ಪ ಜಾಸ್ತಿ."

ಕೊಂಡೆ. ಎಷ್ಟಕ್ಕೆ ಎಂದು ಈ ಡೈರಿಗೂ ಹೇಳುವುದಿಲ್ಲ.

ನವೆಂಬರ್ 17, ಸೋಮವಾರ

ಊಟಕ್ಕೆ ಕೂತಾಗ ಶಶಿ ಹೇಳಿದಳು, "ನಿನ್ನೆ ಒಬ್ಬ ಗಿರಾಕಿ ಸಿಕ್ಕಿದ ಮಾರಾಯ್ರೆ. ಎರಡು ಬದಿ ರಸ್ತೆ ಉಂಟು ಅಂತ ಮೂರು ಪಾಲು ಜಾಸ್ತಿ ಕೊಟ್ಟ!"

"ಕೊಡದೆ? ರಸ್ತೆ ಇರುವ ಜಾಗ," ಎಂದೆ ಗಂಭೀರವಾಗಿ.

"ಅಲ್ಲಿ ರಸ್ತೆ ಯಾರಿಗೆ ಬೇಕು? ಒಂದು ಗುಂಡಿ ಒತ್ತಿದರೆ ಎಲ್ಲರೂ ಹಾರಿಕೊಂಡು ಹೋಗುವುದು. ರಸ್ತೆ ಸುಮ್ಮನೆ ಚಂದಕ್ಕೆ."

ಅನ್ನ ಗಂಟಲಿಗೆ ಸಿಕ್ಕಿತು. ಈ ಸಲ ಬೆನ್ನು ತಟ್ಟಲು ಯಾರೂ ಇರಲಿಲ್ಲ.

ನವೆಂಬರ್ 22, ಶನಿವಾರ

ಬೆಳುವಾಯಿಯ ಜಾಗದ ವ್ಯಾಪಾರ ಮುರಿದುಬಿತ್ತು. ನಾಲ್ಕು ತಿಂಗಳಿನ ಓಡಾಟ. ಇಂದು ಗಿರಾಕಿಯನ್ನು ಕರೆದುಕೊಂಡು ಹೋದರೆ ದಾರಿಗೆ ಅಡ್ಡ ಹೊಸ ಗೇಟು! ಪಕ್ಕದ ಜಾಗದ ಮುದುಕಿ ಪೂವಮ್ಮ ಗೇಟಿನ ಆಚೆ ಕುರ್ಚಿ ಹಾಕಿ ಕೂತಿದ್ದರು.

"ಇದು ನನ್ನ ಜಾಗ. ಕೇಳಿ ಹೋಗಬೇಕು."

"ಕೇಳ್ತಾ ಇದ್ದೇವಲ್ಲ ಪೂವಮ್ಮಕ್ಕ."

"ಕೇಳಿದಿರಲ್ಲ, ಸಂತೋಷ. ಬಿಡುವುದಿಲ್ಲ."

ಗಿರಾಕಿ ಕಾರು ತಿರುಗಿಸಿ, ನನ್ನನ್ನು ಅಲ್ಲೇ ಬಿಟ್ಟು ಹೋದ. ಬರುವಾಗ ಬಸ್ಸಿನಲ್ಲಿ ಮೊದಲು ಸಿಟ್ಟು ಬಂತು. ಮೂಡುಬಿದಿರೆ ದಾಟಿದ ಮೇಲೆ ಒಂದು ಯೋಚನೆ ಬಂತು.

ನವೆಂಬರ್ 24, ಸೋಮವಾರ

ಆ ಲೋಕದಲ್ಲಿ ಗೇಟುಗಳ ಅಂಗಡಿಯೇ ಇದೆ. ಹಸಿರು ಬಣ್ಣದ ಕಬ್ಬಿಣದ್ದನ್ನು ಆರಿಸಿ, ಕಾಲುದಾರಿಗೆ ಅಡ್ಡ ನಿಲ್ಲಿಸಿದೆ. ಬೋರ್ಡು: 'ಖಾಸಗಿ ದಾರಿ. ಕೇಳಿ ಹೋಗತಕ್ಕದ್ದು.' ಇನ್ನು ಶಶಿ ಮಾತುಕತೆಗೆ ಬರಬೇಕು. ಬರದೆ ಎಲ್ಲಿ ಹೋಗುತ್ತಾಳೆ? ತರುಣನ ವಿಷನ್ನು ಈ ಗೇಟನ್ನು ತೆಗೆಯಲಿ ನೋಡುವ!

ಒಂದು ಗಂಟೆ ಕಾದೆ. ಗೊಂಬೆಗಳು ಗೇಟಿನ ಮೇಲಿನಿಂದ ಹಾರಿ ಹೋದವು. ಒಂದು ತುಕ್ರಪ್ಪನ ತಲೆಗೆ ಕಾಲು ತಾಗಿಸಿಕೊಂಡೇ ಹೋಯಿತು.

ನವೆಂಬರ್ 27, ಗುರುವಾರ

ಇಂದು ನಡೆದದ್ದನ್ನು ನಿಧಾನವಾಗಿ ಬರೆಯಬೇಕು.

ಬಂಟ್ವಾಳದ ರಾಫಿಯಾ ಎಂಬಾಕೆ ಈಗ ಶಾರ್ಜಾದಲ್ಲಿದ್ದಾರೆ. ಶಶಿಯ ತಂಗುದಾಣದ ಪಕ್ಕದಲ್ಲಿ ಗೊಂಬೆಗಳಿಗೆ ಮದುವೆ ಬಟ್ಟೆ ಮಾರುವ ಅಂಗಡಿ ಅವರದ್ದು. ಆಕೆಯ ಗೊಂಬೆ ಹಾರುತ್ತಾ ಬಂದದ್ದು ಗೇಟು ನೋಡಿ ಗಕ್ಕನೆ ಕೆಳಗಿಳಿಯಿತು. ಬೋರ್ಡು ಓದಿತು.

"ಎಂತ ಅಣ್ಣ ಇದು? ನಮ್ಮ ಅಜ್ಜಿಯ ಕಾಲದಿಂದ ನಡೆಯುವ ದಾರಿ ಇದು!"

ಆ ಊರು ಹುಟ್ಟಿ ವರ್ಷ ಆಗಿಲ್ಲ. ಆದರೆ ಕೆಣಕಿದರೆ ಸುಮ್ಮನಿರುವ ಜಾತಿಯವನಲ್ಲ ನಾನು. "ನಿಮ್ಮ ಅಜ್ಜಿ ಕೇಳಿ ಹೋಗುತ್ತಿದ್ದರು," ಎಂದು ಕುಟ್ಟಿದೆ.

"ಅಜ್ಜಿಯ ಸುದ್ದಿಗೆ ಬರಬೇಡಿ! ದಾಖಲೆ ತೋರಿಸಿ!"

"ಮೊದಲು ಸರ್ವೆ ಆಗಲಿ!"

ಐದು ನಿಮಿಷದಲ್ಲಿ ಇಪ್ಪತ್ತು ಗೊಂಬೆ ಸೇರಿದವು. ಒಬ್ಬ ಆಕೆಯ ಪರ, ಒಬ್ಬ ನನ್ನ ಪರ, ಒಬ್ಬ ಇಬ್ಬರಿಗೂ ಹಿತವಚನ. ಮಸ್ಕತ್ತಿನವ, "ನಾನು ಪಂಚಾಯತ್ ಮೆಂಬರ್ ಆಗ್ತೇನೆ, ದಾರಿ ಬಿಡಿ," ಎಂದು ನಡುವೆ ನುಗ್ಗಿದ. ಹೊಸದಾಗಿ ಹಾರಿ ಬಂದವನೊಬ್ಬನನ್ನು ಎಲ್ಲರೂ ಸೇರಿ ಗದರಿಸಿದರು: "ಏಯ್, ಕೆಳಗೆ ಇಳಿ ಮಾರಾಯ! ದಾರಿ ತಕರಾರು ನಡೀತಾ ಉಂಟು, ಕಾಣುವುದಿಲ್ಲವಾ?"

ಕೊನೆಗೆ ರಾಫಿಯಾ ಹೇಳಿದರು, "ಅಲ್ಲಾ, ಎಷ್ಟು ವರ್ಷ ಆಯ್ತು ಇಂಥ ಜಗಳ ಮಾಡದೆ. ನಾಳೆ ಇದೇ ಹೊತ್ತಿಗೆ ಬರ್ತೇನೆ. ಗೇಟು ತೆಗೆಯಬೇಡಿ ಅಣ್ಣ."

ಗೋಡೆಯ ಆಚೆಯಿಂದ ಶಶಿ ಕೂಗಿದಳು: "ಎಂತ ಅಷ್ಟು ಕುಟ್ತಾ ಇದ್ದೀರಿ ಅಲ್ಲಿ?"

"ಪಹಣಿ!" ಎಂದೆ.

ಡಿಸೆಂಬರ್ 2, ಮಂಗಳವಾರ

ಅನ್ಯಾಯ ಎಂದರೆ ಇದು. ನಾನು ಕೆಡಿಸಲು ಹಾಕಿದ ಗೇಟಿನಿಂದ ಶಶಿಯ ವ್ಯಾಪಾರ ಬೆಳೆದಿದೆ. ಜಗಳ ನೋಡಲು ಬಂದವರು ಆಚೀಚೆ ಅಂಗಡಿ ಹಿಡಿಯುತ್ತಿದ್ದಾರೆ. ಈಗ ಅಲ್ಲಿ ಯಾರೂ ಹಾರುವುದಿಲ್ಲ. ಕಟ್ಟೆಯಲ್ಲಿ ಇಳಿದು, ಸಾಲಾಗಿ ನಡೆದು ಬಂದು, ಗೇಟಿನಲ್ಲಿ ತುಕ್ರಪ್ಪನಿಗೆ ಎರಡು ಮಾತು ಬೈದು ಒಳಗೆ ಹೋಗುತ್ತಾರೆ.

ಇಂದು ಶಶಿಯ ಗೊಂಬೆಯೇ ಬಂದು ನಿಂತಿತು.

"ಗೇಟಿನ ಬಾಡಿಗೆ ಎಷ್ಟು ತುಕ್ರಪ್ಪಣ್ಣ?"

"ಮಾರಾಟಕ್ಕೂ ಇಲ್ಲ, ಬಾಡಿಗೆಗೂ ಇಲ್ಲ. ಇದು ನನ್ನ ಮರ್ಯಾದೆಯ ಗೇಟು."

"ಮರ್ಯಾದೆಗೆ ತುಕ್ಕು ಹಿಡಿಯದ ಹಾಗೆ ಪೈಂಟ್ ಕೊಡ್ತಾ ಇರಿ."

"ಪೈಂಟಿನ ಖರ್ಚು ದಾರಿಯಲ್ಲಿ ನಡೆಯುವವರದ್ದು."

ಆಚೆಯಿಂದ ನಗು ಕೇಳಿಸಿತು. ಗೊಂಬೆಗಳು ನಗುವುದಿಲ್ಲ, ಅದು ಗೋಡೆ ದಾಟಿ ಬಂದ ನಗು. ಒಂದು ಗಂಟೆ ಮಾತಾಡಿದೆವು. ಬೆಳ್ತಂಗಡಿಯ ತಾಲೂಕು ಆಫೀಸಿಗೆ ಹೋಗಬೇಕಿತ್ತು, ಮರೆತುಹೋಯಿತು.

ಡಿಸೆಂಬರ್ 6, ಶನಿವಾರ

ಒಂದು ಪ್ರಯೋಗ ಮಾಡಿದೆ. ಬೆಳಿಗ್ಗೆ ತುಕ್ರಪ್ಪನಾಗಿ ಶಶಿಯ ಗೊಂಬೆಗೆ ಪೂವಮ್ಮನ ಕತೆ ಹೇಳಿದೆ: "ಕೇಳಿದಿರಲ್ಲ, ಸಂತೋಷ. ಬಿಡುವುದಿಲ್ಲ." ಆಚೆ ಅವಳು ನಕ್ಕು ನಕ್ಕು ಲೋಟ ಉರುಳಿಸಿದ್ದು ಕೇಳಿಸಿತು. ಮಧ್ಯಾಹ್ನ ಊಟಕ್ಕೆ ಕೂತು ಅದೇ ಕತೆಯನ್ನು, ಅದೇ ಧಾಟಿಯಲ್ಲಿ, ನಾನಾಗಿ ಹೇಳಿದೆ.

"ಸಾರು ಹಾಕಬೇಕಾ?" ಎಂದಳು.

ನನಗೆ ಈ ತುಕ್ರಪ್ಪನನ್ನು ಕಂಡರೆ ಆಗುವುದಿಲ್ಲ. ಪರರ ಹೆಂಡತಿಯ ಹತ್ತಿರ ಗಂಟೆಗಟ್ಟಲೆ ಮಾತಾಡಲು ಇವನಿಗೆ ಬೇರೆ ಕೆಲಸವಿಲ್ಲವೇ? ಆ ಭುಜ, ಆ ಕೂದಲು! ನಾನು ದುಡ್ಡು ಕೊಟ್ಟು ಸಾಕಿದ ಗೊಂಬೆ, ನನ್ನದೇ ಕತೆ ಹೇಳಿ, ನನ್ನದೇ ಮನೆಯಲ್ಲಿ ನಗು ಸಂಪಾದಿಸುತ್ತಾನೆ. ತರುಣನಾದರೂ ವಾಸಿ. ಅವನ ಮಾತಿಗೆ ಅವಳು ನಗುವುದಿಲ್ಲ.

ಕಂಪ್ಯೂಟರಿನ ಎದುರು ಕೂರುವ ಮೊದಲು ತಲೆ ಬಾಚಿಕೊಂಡೆ. ಸುಮ್ಮನೆ, ಕೈಯಲ್ಲಿ ಬಾಚಣಿಗೆ ಇತ್ತು.

ಡಿಸೆಂಬರ್ 10, ಬುಧವಾರ

ತುಕ್ರಪ್ಪನಿಗೆ ಇಂದು ರಜೆ ಕೊಟ್ಟೆ. ಶಶಿ ಮೂರು ಸಲ ಗೇಟಿನ ಹತ್ತಿರ ಬಂದು ಹೋದಳು. ನಾನು ನೋಡುತ್ತಾ ಇರಲಿಲ್ಲ, ಕಂಡಿತು.

ಡಿಸೆಂಬರ್ 14, ಆದಿತ್ಯವಾರ

ತರುಣ್ ದುಡ್ಡು ಸಿದ್ಧ ಮಾಡಿಕೊಂಡು, ತೃಪ್ತಿಯ ಜೊತೆ ಊಟಕ್ಕೆ ಬಂದಿದ್ದ. ನಾಳೆ ದ್ವೀಪಕ್ಕೆ ಮುಂಗಡ ಕೊಡುವ ಕೊನೆಯ ದಿನ. ನನ್ನ ಕುರ್ಚಿಯಲ್ಲೇ ಕೂತು ಶುರು ಮಾಡಿದ.

"ದ್ವೀಪ ಬಂದ ಮೇಲೆ ಆ ಬಸ್ ಸ್ಟ್ಯಾಂಡ್ ತೆಗೆದುಬಿಡುವ ಶಶಿಯಕ್ಕ. ಎಲ್ಲ ಕಡೆ ವಿಲ್ಲಾ. ಆ ಗೇಟಿನವನನ್ನೂ ಎಬ್ಬಿಸುವ."

"ಎಬ್ಬಿಸುವುದು ಹೇಗೆ?" ಎಂದೆ. ಧ್ವನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿತ್ತು. "ಜಾಗ ಅವನ ಹೆಸರಿನಲ್ಲಿ ಉಂಟು! ಮತ್ತೆ ಬಸ್ ಸ್ಟ್ಯಾಂಡ್ ತೆಗೆದರೆ ಆ ಜನ ಎಲ್ಲಿ ಕೂತುಕೊಳ್ಳುವುದು? ವಿಲ್ಲಾ ಅವರಿಗೆ ಶಾರ್ಜಾದಲ್ಲೇ ಕಾಣುತ್ತದೆ. ಬೈದಾಡಲು ಒಂದು ದಾರಿ ಅಲ್ಲಿ ಸಿಗುತ್ತದಾ?"

ತೃಪ್ತಿ ಬಾಯಿಗೆ ಹಾಕಿದ ತುತ್ತನ್ನು ಜಗಿಯುವುದು ಬಿಟ್ಟಳು.

"ನಿಮಗೆ ಇದೆಲ್ಲ ಹೇಗೆ ಗೊತ್ತು ಸಂಕಪ್ಪಣ್ಣ?" ಎಂದ ತರುಣ್.

"ಬ್ರೋಕರಿಗೆ ಗೊತ್ತಾಗುತ್ತದೆ."

ಶಶಿ ನಿಧಾನವಾಗಿ ಹೇಳಿದಳು. "ನಾನು ಪಾರ್ಟ್ನರ್ ಆಗಲು ತುಕ್ರಪ್ಪಣ್ಣನನ್ನು ಕೇಳುವ ಅಂತ ಇದ್ದೇನೆ."

"ಅವನನ್ನಾ?" ಎಂದೆವು ನಾನು, ತರುಣ್ ಒಟ್ಟಿಗೆ. ನಾವಿಬ್ಬರೂ ಒಂದೇ ಮಾತು ಆಡಿದ್ದು ಅವನ ಮದುವೆಯ ನಂತರ ಇದೇ ಮೊದಲು. "ಅವ ಯಾರೋ, ಎಲ್ಲಿಯವನೋ!" ಎಂದು ನಾನು ಸೇರಿಸಿದೆ.

"ಎಲ್ಲಿಯವರಾದರೂ ಜಾಗ ಗೊತ್ತುಂಟು. ಎಲ್ಲರೂ ಹಾರುವಲ್ಲಿ ಅವರು ಮೊದಲ ದಿನವೇ ನಡೆದು ಗಡಿ ಸುತ್ತಿದರು. ಮೂಲೆ ಮೂಲೆಯಲ್ಲಿ ನಿಂತು ಕಲ್ಲು ಹುಡುಕಿದರು. ನಾಳೆ ಮಧ್ಯಾಹ್ನ ಕೇಳ್ತೇನೆ. ಅವರು ಆಗುವುದಿಲ್ಲ ಅಂದರೆ ತರುಣ್."

ತುಕ್ರಪ್ಪ ಒಪ್ಪಿದರೆ ಆ ಅಗಲ ಭುಜದವನು ನನ್ನ ಹೆಂಡತಿಯ ಪಾರ್ಟ್ನರ್. ಒಪ್ಪದಿದ್ದರೆ ಸೆಂಟಿನವನು. ಗೇಟಿನ ಎರಡೂ ಬದಿಯಲ್ಲಿ ನಾನು ಹೊರಗೆ.

ಡಿಸೆಂಬರ್ 15, ಸೋಮವಾರ

ಹನ್ನೆರಡು ಗಂಟೆಗೇ ತುಕ್ರಪ್ಪನನ್ನು ಗೇಟಿನಲ್ಲಿ ನಿಲ್ಲಿಸಿದೆ. ಶಶಿಯ ಗೊಂಬೆ ನಡೆದುಕೊಂಡು ಬಂತು. ಪಾರ್ಟ್ನರ್ ಆಗ್ತೀರಾ ಎಂದು ಕೇಳಿತು. ನಾನು ರಾತ್ರಿಯೇ ಯೋಚಿಸಿ ಇಟ್ಟ ಉತ್ತರವನ್ನು ಒಂದೊಂದೇ ಅಕ್ಷರವಾಗಿ ಕುಟ್ಟಿದೆ.

"ನನಗೆ ಪುರುಸೊತ್ತಿಲ್ಲ ಶಶಿಯಕ್ಕ. ಆದರೆ ತರುಣ್ ಬೇಡ. ನಿಮ್ಮ ಮನೆಯವರು ಜಾಗದ ವಿಷಯದಲ್ಲಿ ಬಹಳ ಅನುಭವಿಗಳಂತೆ. ಮಡಂತ್ಯಾರಿನಲ್ಲಿ ಒಳ್ಳೆಯ ಹೆಸರುಂಟು ಅಂತ ಕೇಳಿದ್ದೇನೆ. ಅವರನ್ನು ಕೇಳಿ."

"ಅವರನ್ನು ಎಲ್ಲರಿಗಿಂತ ಮೊದಲು ಕೇಳಿದ್ದೆ. ಎಲ್ಲರ ಎದುರು ನಕ್ಕುಬಿಟ್ಟರು."

ಎರಡು ಸಾಲು ಕುಟ್ಟಿ ಅಳಿಸಿದೆ.

"ನಕ್ಕದ್ದು ಜಾಗಕ್ಕೆ ಇರಬಹುದು," ಎಂದು ಕುಟ್ಟಿದೆ. "ನಿಮಗೆ ಅಲ್ಲ."

"ಹಾಗಾ?"

"ಹಾಗೆಯೇ. ನನಗೆ ಗೊತ್ತುಂಟು. ಇನ್ನೊಮ್ಮೆ ಕೇಳಿದರೆ ನಗುವುದಿಲ್ಲ."

ಅವಳ ಗೊಂಬೆ ಅಗಲ ಭುಜದ ತುಕ್ರಪ್ಪನಿಗೆ ಒಂದು ಸುತ್ತು ಬಂತು. ಆಮೇಲೆ ಅಕ್ಷರಗಳು ಬಂದವು:

"ಹಾಗಾದರೆ ಅವರಿಗೆ ಹೇಳಿ. ಗಂಜಿ ಆರ್ತಾ ಉಂಟು. ಗೇಟು ಎಳೆದುಕೊಂಡು ಬರಲಿ. ಊಟ ಮುಗಿಸಿ ಮುಂಗಡ ಕಟ್ಟುವ."

ತುಕ್ರಪ್ಪನ ಮರ್ಯಾದೆಗಾಗಿ ಎರಡು ನಿಮಿಷ ಹಾಗೆಯೇ ಕೂತೆ. ಗೇಟು ಎಳೆದೆ, ಚಿಲಕ ಹಾಕಲಿಲ್ಲ. ರಾಫಿಯಾ ಸಂಜೆ ಜಗಳಕ್ಕೆ ಬರುತ್ತಾರೆ. ತಲೆ ಬಾಚಿಕೊಂಡು ಒಳಗೆ ಹೋದೆ. ನನ್ನ ಕುರ್ಚಿ ಲ್ಯಾಪ್‌ಟಾಪಿನ ಪಕ್ಕಕ್ಕೆ ಎಳೆದಿಟ್ಟಿತ್ತು. ಶಶಿ ಗಂಜಿ ಬಡಿಸಿ, ಪಕ್ಕಕ್ಕೆ ಬಂಗುಡೆ ಮೀನಿನ ದೊಡ್ಡ ತುಂಡು ಹಾಕಿದಳು. ಇಷ್ಟು ವರ್ಷದಲ್ಲಿ ಕೇಳದೆ ದೊಡ್ಡ ತುಂಡು ಬಿದ್ದದ್ದಿಲ್ಲ.

ಅದು ನನಗೋ, ತುಕ್ರಪ್ಪನಿಗೋ ಎಂದು ಕೇಳಲು ಬಾಯಿಯವರೆಗೆ ಬಂತು. ಕೇಳಲಿಲ್ಲ. ಅವನು ಬರುವ ಮೊದಲೇ ತಿಂದು ಮುಗಿಸಿದೆ.